ಪರ್ಮಿಟ್ ರೂಮಿನಿಂದ ಪ್ರಾಮಿಸರಿ ನೋಟಿನವರೆಗೆ: ‘ಮಿಟ್’ ಕುಟುಂಬದ ಇಂಗ್ಲಿಷ್ ಪದಗಳನ್ನು ಕಲಿಯುವ ಬಗೆ

ಮುಂಬಯಿಯ ಯಾವುದಾದರೂ ಉಪನಗರದ ಸ್ಟೇಷನ್ನಿನಿಂದ ಹೊರಬಿದ್ದು ಹತ್ತು ನಿಮಿಷ ನಡೆಯಿರಿ. ‘ಫ್ಯಾಮಿಲಿ ರೆಸ್ಟೋರೆಂಟ್ ಆ್ಯಂಡ್ ಪರ್ಮಿಟ್ ರೂಮ್’ ಎಂಬ ಬೋರ್ಡು, ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಮ್ಯಾನೇಜಿಂಗ್ ಕಮಿಟಿಯ ನೋಟಿಸು, ಕ್ಲಾಸಿನವರ ‘ಅಡ್ಮಿಷನ್ ಓಪನ್’ ಬ್ಯಾನರು, ಹುಡುಗರು ಸಾಲುಗಟ್ಟಿ ನಿಂತ ಒಂದು ಮೆಸ್ಸು ಕಣ್ಣಿಗೆ ಬೀಳುತ್ತವೆ. ಪರ್ಮಿಟ್, ಕಮಿಟಿ, ಅಡ್ಮಿಷನ್, ಮೆಸ್: ನಾಲ್ಕೂ ಒಂದೇ ಲ್ಯಾಟಿನ್ ಕ್ರಿಯಾಪದದಿಂದ ಬಂದವು. ಆ ಕ್ರಿಯಾಪದ ‘ಮಿತ್ತೆರೆ’, ಅಂದರೆ ಕಳುಹಿಸುವುದು.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ–ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆಯುವ ಎಂಟನೇ ತರಗತಿಯಿಂದಾಚೆಯ ಮಕ್ಕಳಿಗೆ, ಅವರಿಗೆ ಪಾಠ ಹೇಳುವ ಅಪ್ಪ–ಅಮ್ಮಂದಿರಿಗೆ, ಬ್ಯಾಂಕು ಮತ್ತು ಎಂಪಿಎಸ್‌ಸಿ (ಮಹಾರಾಷ್ಟ್ರ ಲೋಕಸೇವಾ ಆಯೋಗ) ಪರೀಕ್ಷೆಗೆ ಕೂರುವವರಿಗೆ ಈ ಮಾರ್ಗದರ್ಶಿ. ಬೇಕಾದದ್ದು ಒಂದಷ್ಟು ಎ4 ಹಾಳೆ, ಪದಮೂಲ ಕೊಡುವ ಒಂದು ಇಂಗ್ಲಿಷ್ ನಿಘಂಟು ಮತ್ತು ಎರಡು ವಾರದ ಮಟ್ಟಿಗೆ ದಿನಕ್ಕೆ 20 ನಿಮಿಷ. ಪಟ್ಟಿ ಬರೆದು ಉರುಹೊಡೆಯುವವರಿಗೆ ಇದರಿಂದ ಹೆಚ್ಚಿನ ಲಾಭವಿಲ್ಲ.

1. ಮೊದಲು ಮೂರು ಕನ್ನಡ ಕ್ರಿಯಾಪದ

ಕೋಚಿಂಗ್ ಪುಸ್ತಕಗಳಲ್ಲಿ ‘ಮಿಟ್ ಅಂದರೆ ಕಳುಹಿಸು’ ಎಂದು ಒಂದೇ ಸಾಲು ಇರುತ್ತದೆ. ಹುಡುಗ ಅದನ್ನು ನಂಬಿ ಟ್ರಾನ್ಸ್‌ಮಿಟ್ ಬಿಡಿಸುತ್ತಾನೆ. ಆಚೆಗೆ ಕಳುಹಿಸು, ಸರಿಹೋಯಿತು. ಅಡ್ಮಿಟ್‌ಗೆ ಬಂದರೆ ‘ಕಡೆಗೆ ಕಳುಹಿಸು’ ಎಂದಾಗುತ್ತದೆ, ಅರ್ಥ ಕೂಡುವುದಿಲ್ಲ. ಪ್ರಾಮಿಸ್‌ಗೆ ಬರುವ ಹೊತ್ತಿಗೆ ಧಾತುವಿನ ಸಹವಾಸವೇ ಬೇಡ ಎನಿಸುತ್ತದೆ.

ತೊಂದರೆ ಇರುವುದು ಆ ಒಂದೇ ಸಾಲಿನ ಅನುವಾದದಲ್ಲಿ. ಲ್ಯಾಟಿನ್ನಿನ ಮಿತ್ತೆರೆಗೆ ಕಳುಹಿಸು ಎಂಬುದರ ಜೊತೆಗೆ ಹೋಗಗೊಡು, ಬಿಟ್ಟುಬಿಡು ಎಂಬ ಅರ್ಥವೂ ಇತ್ತು. ಮುಂದೆ ಅದೇ ಪದ ಫ್ರೆಂಚಿನಲ್ಲಿ ‘ಮೆತ್ರ್’ ಆದಾಗ ಅರ್ಥ ‘ಇಡು’ ಎಂದಾಯಿತು. ಇವತ್ತಿಗೂ ಫ್ರೆಂಚರು ಮೇಜಿನ ಮೇಲೆ ಏನಾದರೂ ಇಡುವುದಕ್ಕೆ ಅದನ್ನೇ ಬಳಸುತ್ತಾರೆ. ಹಾಗಾಗಿ ಹಾಳೆಯ ನೆತ್ತಿಯಲ್ಲಿ ಮೂರು ಕನ್ನಡ ಪದ ದೊಡ್ಡದಾಗಿ ಬರೆದುಕೊಳ್ಳಿ: ಕಳುಹು, ಬಿಡು, ಇಡು.

ಈಗ ಮತ್ತೆ ನೋಡಿ. ಒಳಗೆ ಬಿಡುವುದು ಅಡ್ಮಿಟ್. ಹೊರಗೆ ಬಿಡುವುದು ಎಮಿಟ್. ಬರೆಯಬೇಕಾದದ್ದನ್ನು ಬಿಟ್ಟುಬಿಡುವುದು ಒಮಿಟ್. ಹೋಗಬಿಡುವುದು ಪರ್ಮಿಟ್. ಕೆಲಸ ಬಿಡಿಸುವುದು ಡಿಸ್ಮಿಸ್. ಮಾತನ್ನು ಮುಂದಿಡುವುದು ಪ್ರಾಮಿಸ್. ಕಾಗದವನ್ನು ಮೇಲಿನವರ ಕೈಕೆಳಗೆ ಇಡುವುದು ಸಬ್ಮಿಟ್. ಕನ್ನಡದ ಬಿಡು, ಇಡುಗಳಿಗೆ ಇಂಥ ಕೂಡುರೂಪಗಳು ಬೇಕಾದಷ್ಟು ಇರುವುದರಿಂದ ಈ ಕುಟುಂಬ ನಮ್ಮ ಮಕ್ಕಳಿಗೆ ಕಷ್ಟವಾಗಬೇಕಾಗಿಲ್ಲ. ಹೊಸ ಪದ ಎದುರಾದಾಗಲೆಲ್ಲ ಮೂರನ್ನೂ ಒಂದೊಂದಾಗಿ ಹಚ್ಚಿ ನೋಡುವುದು ಅಭ್ಯಾಸವಾಗಲಿ. ಒಂದಲ್ಲ ಒಂದು ಹೊಂದುತ್ತದೆ.

2. ಎರಡು ರೂಪ

ಲ್ಯಾಟಿನ್ ಕ್ರಿಯಾಪದಕ್ಕೆ ಎರಡು ಅಂಗಗಳಿವೆ. ವರ್ತಮಾನದ ಅಂಗ ‘ಮಿತ್’, ಭೂತಕೃದಂತದ ಅಂಗ ‘ಮಿಸ್ಸ್’. ಇಂಗ್ಲಿಷ್ ಎರಡನ್ನೂ ತೆಗೆದುಕೊಂಡು ಬೇರೆ ಬೇರೆ ಕೆಲಸಕ್ಕೆ ಹಚ್ಚಿದೆ. ಕ್ರಿಯೆಗೆ ಟಿ, ನಾಮಪದಕ್ಕೆ ಮತ್ತು ಗುಣವಾಚಕಕ್ಕೆ ಎರಡು ಎಸ್: ಸಬ್ಮಿಟ್, ಸಬ್ಮಿಷನ್, ಸಬ್ಮಿಸಿವ್. ಪರ್ಮಿಟ್, ಪರ್ಮಿಷನ್, ಪರ್ಮಿಸಿವ್. ಟ್ರಾನ್ಸ್‌ಮಿಟ್, ಟ್ರಾನ್ಸ್‌ಮಿಷನ್. ಒಮಿಟ್, ಒಮಿಷನ್.

ಉಪಸರ್ಗವೇ (ಪದದ ಮುಂದೆ ಸೇರುವ ತುಂಡು) ಇಲ್ಲದೆ ಬರಿಯ ಎರಡನೇ ಅಂಗದಿಂದ ಆದವು ಮಿಷನ್, ಮಿಸೈಲ್, ಪತ್ರ ಎಂಬರ್ಥದ ಮಿಸಿವ್. ಮೂರೂ ಅಪ್ಪಟ ‘ಕಳುಹು’.

ತಪ್ಪಾಗುವುದು ಒಂದೇ ಕ್ರಿಯೆಗೆ ಎರಡು ನಾಮಪದ ಇರುವ ಕಡೆ. ಅಡ್ಮಿಟ್‌ಗೆ ಅಡ್ಮಿಷನ್ ಇದೆ, ಅಡ್ಮಿಟನ್ಸ್ ಇದೆ. ಕಾಲೇಜಿಗೆ ಸೇರುವುದು, ತಪ್ಪೊಪ್ಪಿಗೆ, ಪ್ರವೇಶಧನ ಎಲ್ಲಕ್ಕೂ ಅಡ್ಮಿಷನ್. ಅಡ್ಮಿಟನ್ಸ್ ಎಂದರೆ ಒಂದು ಜಾಗದೊಳಕ್ಕೆ ಕಾಲಿಡುವುದು ಮಾತ್ರ. ಕಾರ್ಖಾನೆ ಬಾಗಿಲ ಮೇಲೆ ‘ನೋ ಅಡ್ಮಿಟನ್ಸ್’ ಎಂದು ಬರೆಯುವುದು ಅದಕ್ಕೇ. ರೆಮಿಟ್‌ಗೆ ರೆಮಿಟನ್ಸ್ ಅಂದರೆ ಕಳುಹಿಸಿದ ಹಣ. ರೆಮಿಷನ್ ಅಂದರೆ ಕೈದಿಗೆ ಶಿಕ್ಷೆಯಲ್ಲಿ ಸಿಗುವ ಕಡಿತ, ಇಲ್ಲವೇ ಕ್ಯಾನ್ಸರಿನಂಥ ರೋಗ ಹಿಮ್ಮೆಟ್ಟಿರುವ ಸ್ಥಿತಿ. ಮೊದಲನೆಯದು ‘ಕಳುಹು’, ಎರಡನೆಯದು ‘ಬಿಡು’. ಬ್ಯಾಂಕ್ ಪರೀಕ್ಷೆಗಳಲ್ಲಿ ಈ ಜೋಡಿಯನ್ನು ಅದಲುಬದಲು ಮಾಡುವವರು ಬಹಳ.

ಡಿಸ್ಮಿಸ್ ಒಂದು ಒರಟು ಹುಡುಗ. ಅದರ ಕ್ರಿಯಾಪದವೇ ಎರಡನೇ ಅಂಗದಿಂದ ಆಗಿದೆ. ‘ಡಿಸ್ಮಿಟ್’ ಎಂಬ ಪದ ಇಂದಿನ ಇಂಗ್ಲಿಷಿನಲ್ಲಿಲ್ಲ, ನಾಮಪದ ಡಿಸ್ಮಿಸಲ್.

3. ಉಪಸರ್ಗ ಕೂಡಿಸುವುದು

ಸಂಸ್ಕೃತ ವ್ಯಾಕರಣದ ಹಳೆಯ ಉದಾಹರಣೆ ಎಲ್ಲರಿಗೂ ಗೊತ್ತು: ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ. ಧಾತು ಒಂದೇ, ಮುಂದೆ ಬಂದ ಉಪಸರ್ಗ ಅರ್ಥವನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತದೆ. ಲ್ಯಾಟಿನ್ನಿನಲ್ಲಿ ಆಗುವುದೂ ಇದೇ. ಮಕ್ಕಳಿಗೆ ಮೊದಲು ಈ ಐದು ಪದಗಳ ಅರ್ಥ ಕೇಳಿ, ಆಮೇಲೆ ಇಂಗ್ಲಿಷಿಗೆ ಬನ್ನಿ.

ಪರ್, ಎಂದರೆ ಮೂಲಕ, ಹಾಯ್ದು. ಹಾಯ್ದು ಹೋಗಬಿಡುವುದು ಪರ್ಮಿಟ್. ಮಹಾರಾಷ್ಟ್ರದ ಬಾರುಗಳ ಬೋರ್ಡಿನಲ್ಲಿ ಪರ್ಮಿಟ್ ರೂಮ್ ಎಂದಿರುವುದಕ್ಕೆ ಕಾರಣ 1949ರ ಬಾಂಬೆ ಪ್ರೊಹಿಬಿಷನ್ ಆ್ಯಕ್ಟ್. ಆ ಕಾಯ್ದೆಯ ಪ್ರಕಾರ ಮದ್ಯ ಕೊಳ್ಳಲು, ಕುಡಿಯಲು ಪರವಾನಗಿ ಬೇಕು. ಪರ್ಮಿಟ್ ಇದ್ದವರು ಕೂರುವ ಕೋಣೆ ಪರ್ಮಿಟ್ ರೂಮ್. ಪಾನನಿಷೇಧ ಸಡಿಲವಾಗಿ ದಶಕಗಳೇ ಕಳೆದರೂ ಹೆಸರು ಗಟ್ಟಿಯಾಗಿ ನಿಂತಿದೆ. (ಆ ಬೋರ್ಡಿನ ಕೆಳಗೆ ಗಲ್ಲಾದಲ್ಲಿ ಕೂತವರು ಎಷ್ಟೋ ಸಲ ನಮ್ಮ ಕರಾವಳಿಯವರೇ.) ಉಚ್ಚಾರಣೆಯಲ್ಲಿ ಒಂದು ಸೂಕ್ಷ್ಮ: ಕಾಗದದ ಪರ್ಮಿಟ್ ನಾಮಪದವಾದ್ದರಿಂದ ಒತ್ತು ‘ಪರ್’ ಮೇಲೆ, ಅನುಮತಿ ಕೊಡುವ ಪರ್ಮಿಟ್ ಕ್ರಿಯಾಪದವಾದ್ದರಿಂದ ಒತ್ತು ‘ಮಿಟ್’ ಮೇಲೆ. ಸ್ಪೆಲಿಂಗ್ ಎರಡಕ್ಕೂ ಒಂದೇ.

ಕಾಂ, ಎಂದರೆ ಕೂಡಿ, ಒಟ್ಟಿಗೆ. ಕಮಿಟ್ ಈ ಕುಟುಂಬದಲ್ಲೇ ಹೆಚ್ಚು ಮಕ್ಕಳಿರುವ ಪದ, ಅದಕ್ಕೇ ಹೆಚ್ಚು ಕೀಟಲೆಯದು. ಲ್ಯಾಟಿನ್ನಿನಲ್ಲಿ ಅದಕ್ಕೆ ಜೋಡಿಸು, ವಹಿಸಿಕೊಡು ಎಂಬ ಅರ್ಥಗಳಿದ್ದವು. ಅಪರಾಧ ಎಸಗು ಎಂಬ ಅರ್ಥವೂ ಅಲ್ಲೇ ಇತ್ತು. ‘ವಹಿಸಿಕೊಡು’ ಎಂಬುದನ್ನು ಹಿಡಿದುಕೊಂಡರೆ ಮಿಕ್ಕವು ಸುಲಭ. ಕಮಿಟಿಯ ಕೊನೆಯಲ್ಲಿರುವ ಎರಡು ‘ಇ’, ಎಂಪ್ಲಾಯಿ, ಟ್ರಸ್ಟಿ ಪದಗಳಲ್ಲಿರುವ ಎರಡು ‘ಇ’ಗಳೇ: ಯಾರಿಗೆ ಕೆಲಸ ವಹಿಸಿದೆಯೋ ಅವರು. ಮೊದಲು ಅದು ಒಬ್ಬನೇ ವ್ಯಕ್ತಿಯನ್ನು ಹೇಳುತ್ತಿತ್ತು, ಗುಂಪು ಎಂಬ ಅರ್ಥ ಆಮೇಲಿನದು. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯಡಿ ನಡೆಯುವ ಹೌಸಿಂಗ್ ಸೊಸೈಟಿಗಳಲ್ಲಿ ಮ್ಯಾನೇಜಿಂಗ್ ಕಮಿಟಿ ಅಂದರೆ ಸದಸ್ಯರೆಲ್ಲ ತಮ್ಮ ಕಟ್ಟಡದ ಆಡಳಿತವನ್ನು ವಹಿಸಿಕೊಟ್ಟವರು.

ಕಮಿಷನರ್ ಅಂದರೆ ಅಧಿಕಾರ ವಹಿಸಿಕೊಂಡು ಬಂದವರು. ಮುಂಬಯಿ ಮಹಾನಗರಪಾಲಿಕೆಯಲ್ಲಿ ಇದು ಬರಿಯ ಪದವಿಯ ಹೆಸರಲ್ಲ. 1888ರ ಮುನಿಸಿಪಲ್ ಕಾಯ್ದೆ ಕಾರ್ಯಾಂಗದ ಅಧಿಕಾರವನ್ನು ಕಮಿಷನರ್ ಕೈಗೆ ಕೊಟ್ಟಿದೆ, ಅವರನ್ನು ನೇಮಿಸುವುದು ರಾಜ್ಯ ಸರ್ಕಾರ. ನಗರಸೇವಕರನ್ನು ಜನ ಆರಿಸುತ್ತಾರೆ. ಕಮಿಷನರನ್ನು ಸರ್ಕಾರ ಕಳುಹಿಸುತ್ತದೆ. ಮರಾಠಿಯಲ್ಲೂ ಕನ್ನಡದಲ್ಲೂ ‘ಆಯುಕ್ತ’ ಎಂಬ ಒಂದೇ ಪದ ಇರುವುದರಿಂದ ಮಕ್ಕಳಿಗೆ ಬಸ್ ನಿಲ್ದಾಣದ ಬೋರ್ಡಿನಲ್ಲೇ ಇದನ್ನು ತೋರಿಸಬಹುದು. ದಲ್ಲಾಳಿಯ ಕಮಿಷನ್ನೂ ಇದೇ ಮನೆಯದು, ವಹಿಸಿದ ಕೆಲಸಕ್ಕೆ ಸಿಗುವ ಪಾಲು.

ಸಬ್, ಎಂದರೆ ಕೆಳಗೆ. ಸಬ್ಮಿಟ್‌ಗೆ ಎರಡು ಮುಖ: ಕಾಗದ ಒಪ್ಪಿಸುವುದು, ತಲೆಬಾಗುವುದು. ಮುಂಬಯಿ–ಪುಣೆಯ ಎಂಜಿನಿಯರಿಂಗ್ ಹುಡುಗರು ‘ಸಬ್ಮಿಷನ್ ಇದೆ’ ಎಂದು ಜರ್ನಲ್, ಫೈಲು, ಮೇಷ್ಟರ ಸಹಿ ಎಂದು ಓಡಾಡುವಾಗ ಎರಡು ಮುಖಗಳೂ ಒಟ್ಟಿಗೇ ಕಾಣುತ್ತವೆ.

ಒಬ್ ಎಂಬುದು ಮಿತ್ತೆರೆಗೆ ಸೇರುವಾಗ ‘ಬಿ’ ಕಳೆದುಕೊಂಡು ಬರಿಯ ‘ಒ’ ಆಗಿದೆ. ಒಮಿಷನ್ ನೋಡಲು ಮುಂಬಯಿಯ ಲೋಹಾರ್ ಚಾಳಿನಲ್ಲೋ ಪುಣೆಯ ರವಿವಾರ ಪೇಠೆಯಲ್ಲೋ ಏನಾದರೂ ಕೊಂಡು, ಬಿಲ್ಲಿನ ಬುಡ ನೋಡಿ. ಮೂಲೆಯಲ್ಲಿ ಸಣ್ಣದಾಗಿ ‘ಇ ಆ್ಯಂಡ್ ಒಇ’ ಎಂದು ಅಚ್ಚಾಗಿರುತ್ತದೆ. ‘ಎರರ್ಸ್ ಆ್ಯಂಡ್ ಒಮಿಷನ್ಸ್ ಎಕ್ಸೆಪ್ಟೆಡ್’: ಲೆಕ್ಕದಲ್ಲಿ ತಪ್ಪಿದ್ದರೆ, ಏನಾದರೂ ಬಿಟ್ಟುಹೋಗಿದ್ದರೆ ಮುಂದೆ ಸರಿಪಡಿಸುವ ಹಕ್ಕು ನಮಗಿದೆ ಎಂದು ಅಂಗಡಿಯವರು ಹೇಳಿಕೊಳ್ಳುವುದು. ಕೊನೆಯ ಪದ ‘ಎಕ್ಸ್‌ಪೆಕ್ಟೆಡ್’ ಅಲ್ಲ. ಹಾಗೆ ಓದಿದರೆ ತಪ್ಪುಗಳನ್ನು ನಿರೀಕ್ಷಿಸಿ ಎಂದಾಗುತ್ತದೆ.

ರೆ, ಎಂದರೆ ಹಿಂದಕ್ಕೆ. ಬ್ಯಾಂಕಿನಲ್ಲಿ ಹಣ ಕಳುಹಿಸುವ ನೆಫ್ಟ್ ಫಾರಂನಲ್ಲಿ ‘ರೆಮಿಟರ್’ ಎಂಬ ಕಲಂ ಇರುತ್ತದೆ, ಪಕ್ಕದಲ್ಲೋ ಕೆಳಗೋ ‘ಬೆನಿಫಿಷಿಯರಿ’. ರೆಮಿಟರ್ ಎಂದರೆ ಕಳುಹಿಸುವವರು, ಅಂದರೆ ನೀವು. ಅಲ್ಲಿ ಊರಲ್ಲಿರುವ ಅಣ್ಣನ ಹೆಸರು ಬರೆದು, ಫಾರಂ ವಾಪಸಾಗಿ ಮತ್ತೆ ಕ್ಯೂ ನಿಲ್ಲುವವರು ಇದ್ದಾರೆ. ದುಡಿಯಲು ಬಂದ ಊರಿನಿಂದ ಹುಟ್ಟಿದ ಊರಿಗೆ ‘ಹಿಂದಕ್ಕೆ’ ಕಳುಹಿಸುವ ಹಣ ಎಂದು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ, ಆದರೆ ಇದು ನೆನಪಿನ ಗುಟ್ಟು ಮಾತ್ರ. ಇಂದಿನ ಬಳಕೆಯಲ್ಲಿ ಯಾವ ದಿಕ್ಕಿಗೆ ಹಣ ಕಳುಹಿಸಿದರೂ ರೆಮಿಟನ್ಸೇ. ಮಗನನ್ನು ವಿದೇಶಕ್ಕೆ ಓದಲು ಕಳುಹಿಸುವವರ ಬಾಯಲ್ಲಿ ಬರುವ ಎಲ್‌ಆರ್‌ಎಸ್ ಎಂದರೆ ರಿಸರ್ವ್ ಬ್ಯಾಂಕು 2004ರಲ್ಲಿ ತಂದ ಲಿಬರಲೈಸ್ಡ್ ರೆಮಿಟನ್ಸ್ ಸ್ಕೀಮ್. ಅದರಡಿ ಈಗ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು.

ಎ ಅಥವಾ ಎಕ್ಸ್ ಹೊರಗೆ (ಎಮಿಷನ್, ಟ್ರಾನ್ಸಿಸ್ಟರಿನ ಎಮಿಟರ್), ಟ್ರಾನ್ಸ್ ಆಚೆಗೆ, ಅಡ್ ಕಡೆಗೆ, ಡಿಸ್ ಬೇರೆಬೇರೆಯಾಗಿ. ಇಂಟರ್ ಎಂದರೆ ನಡುವೆ. ಮಳೆಗಾಲದ ಮುಂಬಯಿ ಹವಾಮಾನ ವರದಿಯಲ್ಲಿ ಬರುವ ‘ಇಂಟರ್ಮಿಟೆಂಟ್’ ಮಳೆ ನಡುನಡುವೆ ಬಿಟ್ಟು ಬಿಟ್ಟು ಸುರಿಯುವುದು. ಕೊಡೆ ತೆಗೆದುಕೊಂಡೇ ಹೋಗಿ.

4. ಫ್ರೆಂಚ್ ದಾರಿಯಲ್ಲಿ ಬಂದವು

ಕೆಲವು ಪದಗಳು ಲ್ಯಾಟಿನ್ನಿನಿಂದ ನೇರವಾಗಿ ಬಾರದೆ ಫ್ರೆಂಚಿನಲ್ಲಿ ತಂಗಿ ಬಂದವು. ಅವುಗಳ ಮುಖಚಹರೆ ಬದಲಾಗಿದೆ, ‘ಮೈಸ್’, ‘ಮಿಸ್’, ‘ಮೆಸ್’ ಎಂದು ಕಾಣುತ್ತವೆ. ಇಲ್ಲಿ ‘ಇಡು’ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಾಮಿಸ್‌ಗೆ ಜೇಬಿನಿಂದ ನೂರರ ನೋಟು ತೆಗೆಯಿರಿ. ‘ಐ ಪ್ರಾಮಿಸ್ ಟು ಪೇ ದಿ ಬೇರರ್’ ಎಂದಿದೆ, ಕೆಳಗೆ ಗವರ್ನರ್ ಸಹಿ. ಆ ಗವರ್ನರ್ ಕೂರುವುದು ಮುಂಬಯಿಯ ಕೋಟೆ ಪ್ರದೇಶದಲ್ಲೇ. ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು. ಒಂದು ರೂಪಾಯಿ ನೋಟಿನಲ್ಲಿ ಮಾತ್ರ ಈ ಪ್ರಾಮಿಸ್ ಇಲ್ಲ, ಏಕೆಂದರೆ ಅದನ್ನು ಹೊರಡಿಸುವುದು ರಿಸರ್ವ್ ಬ್ಯಾಂಕಲ್ಲ, ಭಾರತ ಸರ್ಕಾರ. ಪ್ರಾಮಿಸರಿ ನೋಟಿನ ವ್ಯಾಖ್ಯೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 4ನೇ ಕಲಮಿನಲ್ಲಿದೆ. ಸ್ಪೆಲಿಂಗಿನಲ್ಲಿ ಪ್ರಾಮಿಸ್‌ಗೆ ಒಂದು ಎಸ್, ಪ್ರಾಮಿಸರಿಗೆ ಎರಡು. ಮೊದಲನೆಯದು ಫ್ರೆಂಚಿನ ವೇಷದಲ್ಲಿದೆ, ಎರಡನೆಯದು ಲ್ಯಾಟಿನ್ ವೇಷದಲ್ಲೇ ಉಳಿದಿದೆ. ಕಾಂಪ್ರಮೈಸ್‌ಗೆ ಇನ್ನೊಂದು ‘ಕಾಂ’ ಸೇರಿದೆ: ಮಧ್ಯಸ್ಥನ ತೀರ್ಪಿಗೆ ಬದ್ಧರಾಗಿರುತ್ತೇವೆ ಎಂದು ಇಬ್ಬರೂ ಕೂಡಿ ಮಾತು ಕೊಡುವುದು ಅದರ ಮೂಲಾರ್ಥ.

ಪುಣೆಯಲ್ಲೋ ಠಾಣೆಯಲ್ಲೋ ಬಾಡಿಗೆ ಮನೆ ಹಿಡಿದವರ ಹತ್ತಿರ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಇರುತ್ತದೆ. ಅದರಲ್ಲಿ ‘ದಿ ಸೆಡ್ ಪ್ರೆಮಿಸೆಸ್’ ಎಂಬುದು ಪುಟಕ್ಕೆ ನಾಲ್ಕಾರು ಸಲ ಬರುತ್ತದೆ. ಪ್ರೆಮಿಸ್ ಎಂದರೆ ಮೊದಲೇ ಇಟ್ಟದ್ದು. ತರ್ಕಶಾಸ್ತ್ರದಲ್ಲಿ ವಾದಕ್ಕೆ ಮೊದಲೇ ಇಟ್ಟ ಆಧಾರವಾಕ್ಯ. ಹಳೆಯ ಆಸ್ತಿಪತ್ರಗಳಲ್ಲಿ ಜಮೀನು, ಮನೆ, ಬಾವಿ ಎಲ್ಲವನ್ನೂ ಮೊದಲಿಗೆ ವಿವರಿಸಿ, ಆಮೇಲೆ ಪ್ರತಿಸಲ ಅಷ್ಟನ್ನೂ ಬರೆಯುವ ಬದಲು ‘ಮೇಲ್ಕಂಡವು’ ಎಂಬರ್ಥದಲ್ಲಿ ಪ್ರೆಮಿಸೆಸ್ ಎನ್ನುತ್ತಿದ್ದರು. ಹೀಗೆ ಬರೆದೂ ಬರೆದೂ ‘ಮೇಲ್ಕಂಡವು’ ಎಂಬುದೇ ಮನೆ–ಜಾಗ ಎಂಬ ಅರ್ಥಕ್ಕೆ ತಿರುಗಿತು. ಆದ್ದರಿಂದ ಜಾಗದ ಅರ್ಥದಲ್ಲಿ ಅದು ಯಾವಾಗಲೂ ಬಹುವಚನ. ‘ಇನ್ ಅವರ್ ಸ್ಕೂಲ್ ಪ್ರೆಮಿಸ್’ ಎಂದು ಬರೆದರೆ ‘ನಮ್ಮ ಶಾಲೆಯ ಆಧಾರವಾಕ್ಯದಲ್ಲಿ’ ಎಂದ ಹಾಗೆ.

ಕರಾರು ಲೀಸ್ ಆಗಿದ್ದರೆ ‘ಡಿಮೈಸ್ಡ್ ಪ್ರೆಮಿಸೆಸ್’ ಎಂಬ ಜೋಡಿಯೂ ಸಿಗಬಹುದು. ಎರಡೂ ಮಿತ್ತೆರೆಯ ಮಕ್ಕಳೇ. ಡಿಮೈಸ್ ಎಂದರೆ ಸಾವು ಎಂದಷ್ಟೇ ಕಲಿತ ಹುಡುಗಿ ಇದನ್ನು ನೋಡಿ ಗಾಬರಿಯಾಗುತ್ತಾಳೆ. ಆಸ್ತಿಯನ್ನು ಬಿಟ್ಟುಕೊಡುವುದು, ಭೋಗ್ಯಕ್ಕೋ ಉಯಿಲಿನ ಮೂಲಕವೋ ಇನ್ನೊಬ್ಬರಿಗೆ ದಾಟಿಸುವುದು ಅದರ ಮೊದಲ ಅರ್ಥ. ಅರಸ ಸತ್ತಾಗ ಕಿರೀಟ ಮುಂದಿನವನಿಗೆ ದಾಟುವುದನ್ನೂ ಡಿಮೈಸ್ ಎಂದರು. ಅಲ್ಲಿಂದ ಸಾವು ಎಂಬ ಅರ್ಥ ಬಂತು. ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ಕಾಣುವುದು ಆ ಕೊನೆಯ ಅರ್ಥ.

ಮೆಸ್ ಎಂದರೆ ಫ್ರೆಂಚಿನಲ್ಲಿ ಮೇಜಿನ ಮೇಲೆ ಇಟ್ಟ ಊಟ, ಒಂದು ಸಲದ ಬಡಿಸುವಿಕೆ. ಅಲ್ಲಿಂದ ಒಟ್ಟಿಗೆ ಕೂತು ಉಣ್ಣುವವರ ಗುಂಪು, ಸೈನ್ಯದ ಮೆಸ್, ಪುಣೆಯ ಸದಾಶಿವ ಪೇಠೆಯ ವಿದ್ಯಾರ್ಥಿ ಮೆಸ್. ಧಾರವಾಡದ ಕಡೆಯವರ ಖಾನಾವಳಿಗೂ ಇದಕ್ಕೂ ಕೆಲಸ ಒಂದೇ. ‘ವಾಟ್ ಎ ಮೆಸ್’ ಎಂಬಲ್ಲಿನ ಅಸ್ತವ್ಯಸ್ತ ಎಂಬ ಅರ್ಥ ಬೆರಕೆ ಆಹಾರದಿಂದ ಬಂದ ಈಚಿನ ಅರ್ಥ, ಪದ ಬೇರೆಯಲ್ಲ.

ಮೆಸೇಜ್ ಕಳುಹಿಸಿದ ಮಾತು. ಮೆಸೆಂಜರ್‌ನಲ್ಲಿ ನಡುವೆ ಒಂದು ‘ಎನ್’ ಬಂದಿರುವುದು ನಾಲಗೆಯ ಕೆಲಸ. ಪ್ಯಾಸೇಜ್‌ನಿಂದ ಪ್ಯಾಸೆಂಜರ್ ಆದ ಹಾಗೆ. ಎರಡನ್ನೂ ಜೋಡಿಯಾಗಿ ಕಲಿಸಿದರೆ ಸ್ಪೆಲಿಂಗ್ ತಪ್ಪುವುದಿಲ್ಲ.

ಗೋವೆಗೆ ಹೋದಾಗ ಇಗರ್ಜಿಯ ಬಾಗಿಲಲ್ಲಿ ಮಾಸ್‌ನ ವೇಳಾಪಟ್ಟಿ ನೋಡಿ. ಪೋರ್ಚುಗೀಸಿನಲ್ಲಿ ಮಿಸ್ಸಾ, ಕೊಂಕಣಿಯಲ್ಲಿ ಮೀಸ್, ಇಂಗ್ಲಿಷಿನಲ್ಲಿ ಮಾಸ್. 1960ರ ದಶಕದವರೆಗೆ ಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. ಕೊನೆಗೆ ಪಾದ್ರಿ ‘ಇತೆ, ಮಿಸ್ಸಾ ಎಸ್ತ್’ (ಹೋಗಿ, ಬೀಳ್ಕೊಟ್ಟಾಯಿತು) ಎಂದು ಜನರನ್ನು ಬೀಳ್ಕೊಡುತ್ತಿದ್ದರು. ಬೀಳ್ಕೊಡುವ ಆ ಮಾತೇ ಇಡೀ ಪೂಜೆಯ ಹೆಸರಾಯಿತು. ಕ್ರಿಸ್ಮಸ್‌ನ ಬಾಲದಲ್ಲಿರುವುದೂ ಅದೇ. ಫಿಸಿಕ್ಸಿನ ಮಾಸ್, ಅಂದರೆ ದ್ರವ್ಯರಾಶಿ, ಗ್ರೀಕಿನ ಹಿಟ್ಟಿನ ಮುದ್ದೆಯಿಂದ ಬಂದ ಬೇರೆ ಪದ. ಇನ್ನು ಮಿಷನ್: ಧರ್ಮಪ್ರಚಾರಕ್ಕೆ ಹೊರದೇಶಗಳಿಗೆ ಕಳುಹಿಸುವುದು ಎಂಬ ಅರ್ಥದಲ್ಲಿ ಅದನ್ನು ಬಳಕೆಗೆ ತಂದವರು 16ನೇ ಶತಮಾನದ ಜೆಸುಯಿಟರು ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು. ಅವರ ಫ್ರಾನ್ಸಿಸ್ ಝೇವಿಯರ್ ಗೋವೆಗೆ ಬಂದಿಳಿದದ್ದು 1542ರಲ್ಲಿ. ಹಳೆಯ ಗೋವೆಯ ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಅವರ ಶರೀರವಿದೆ. ಕರಾವಳಿಯವರು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನನ್ನು ಇಲ್ಲಿಯೇ ನೆನೆಯಬಹುದು.

5. ಕುಟುಂಬಕ್ಕೆ ಸೇರದವು

ಧಾತು ಕಲಿತ ಹುರುಪಿನಲ್ಲಿ ಮಕ್ಕಳು ‘ಮಿಟ್’, ‘ಮಿಸ್’ ಕಂಡಲ್ಲೆಲ್ಲ ಕಳುಹು ಎಂದು ಅರ್ಥ ಹಚ್ಚುತ್ತಾರೆ. ಲಿಮಿಟ್ (ಗಡಿ ಎಂಬ ಲ್ಯಾಟಿನ್ ಪದದಿಂದ), ಸಮಿಟ್ (ತುದಿ), ವಾಮಿಟ್, ಹರ್ಮಿಟ್ ಇವು ಯಾವುವೂ ನೆಂಟರಲ್ಲ. ಪರೀಕ್ಷೆ ಸರಳ: ‘ಮಿಟ್’ ತೆಗೆದ ಮೇಲೆ ಉಳಿದದ್ದು ಉಪಸರ್ಗವೋ ನೋಡಿ. ‘ಲಿ’, ‘ವಾ’, ‘ಹರ್’ ಉಪಸರ್ಗಗಳಲ್ಲ. ಸಮಿಟ್ ಮಾತ್ರ ಸಬ್ಮಿಟ್‌ನ ತಮ್ಮನಂತೆ ಕಂಡು ಮೋಸ ಮಾಡುತ್ತದೆ, ಅದನ್ನು ಪ್ರತ್ಯೇಕವಾಗಿ ಹೇಳಿಕೊಡಿ.

ಬಸ್ ಮಿಸ್ ಆಯಿತು ಎಂಬಲ್ಲಿನ ಮಿಸ್ ಹಳೆಯ ಇಂಗ್ಲಿಷಿನ ಮನೆಮಾತು. ಟೀಚರಿಗೆ ಹೇಳುವ ಮಿಸ್, ಮಿಸ್ಟ್ರೆಸ್‌ನ ಮೊಟಕು. ಮಿಸ್ಟೇಕ್, ಮಿಸ್‌ಯೂಸ್‌ಗಳಲ್ಲಿ ‘ಮಿಸ್’ ತಾನೇ ಉಪಸರ್ಗ, ತಪ್ಪಾಗಿ ಎಂದು ಅದರ ಅರ್ಥ. ಮಿಸ್‌ಸ್ಪೆಲ್ ಪದದಲ್ಲಿ ಎರಡು ಎಸ್ ಇರುವುದು ಒಂದು ಉಪಸರ್ಗದ್ದು, ಒಂದು ಸ್ಪೆಲ್‌ನದು ಎಂಬ ಕಾರಣಕ್ಕೆ.

6. ಸ್ಪೆಲಿಂಗ್ ತಾನಾಗಿ ಬರುವ ಬಗೆ

ಎಂ ಎಷ್ಟು ಎಂಬ ಗೊಂದಲ ಉಪಸರ್ಗದಲ್ಲೇ ತೀರುತ್ತದೆ. ಕಾಂ ತನ್ನದೊಂದು ಎಂ ತರುತ್ತದೆ, ಧಾತುವಿನದೊಂದು ಇದೆ. ಹಾಗಾಗಿ ಕಮಿಟ್, ಕಮಿಷನ್, ಕಮಿಟಿ ಎಲ್ಲದರಲ್ಲೂ ಎರಡು. ‘ಒ’, ‘ಎ’ಗಳಿಗೆ ಎಂ ಇಲ್ಲ, ಒಮಿಷನ್, ಎಮಿಷನ್‌ಗೆ ಒಂದೇ. ಕಮಿಟಿಯಲ್ಲಿ ಎಂ ಎರಡು, ಟಿ ಎರಡು, ಇ ಎರಡು.

ಟಿ ಎಷ್ಟು? ಒತ್ತು ಕೊನೆಯ ‘ಮಿಟ್’ ಮೇಲಿದ್ದು, ಮುಂದೆ ಸ್ವರದಿಂದ ಶುರುವಾಗುವ ಪ್ರತ್ಯಯ ಬಂದರೆ ಎರಡು: ಸಬ್ಮಿಟೆಡ್, ಪರ್ಮಿಟಿಂಗ್, ರೆಮಿಟನ್ಸ್, ಟ್ರಾನ್ಸ್‌ಮಿಟರ್. ಪ್ರತ್ಯಯ ವ್ಯಂಜನದಿಂದ ಶುರುವಾದರೆ ಒಂದೇ, ಕಮಿಟ್‌ಮೆಂಟ್ ನೋಡಿ. ರೆಸ್ಯೂಮೆಗಳಲ್ಲಿ ಅತಿ ಹೆಚ್ಚು ತಪ್ಪಾಗುವ ಪದ ಇದೇ ಇರಬೇಕು. ಲಿಮಿಟೆಡ್, ವಾಮಿಟೆಡ್‌ಗಳಲ್ಲಿ ಒತ್ತು ಮೊದಲಿಗೇ ಬೀಳುವುದರಿಂದ ಒಂದೇ ಟಿ. ನೆಂಟರಲ್ಲ ಎಂಬುದನ್ನು ಅವು ಸ್ಪೆಲಿಂಗಿನಲ್ಲೂ ಹೇಳುತ್ತವೆ.

ಕಾಂಪ್ರಮೈಸ್, ಡಿಮೈಸ್ ಪದಗಳ ಕೊನೆಗೆ ಝೆಡ್ ಎಂದೂ ಇಲ್ಲ, ಅಮೆರಿಕನ್ ಸ್ಪೆಲಿಂಗಿನಲ್ಲೂ ಇಲ್ಲ. ಆರ್ಗನೈಸ್‌ನಲ್ಲಿ ಕೊನೆಯದು ಪ್ರತ್ಯಯ, ಎಸ್ ಝೆಡ್ ಎರಡೂ ನಡೆಯುತ್ತವೆ. ಇವುಗಳಲ್ಲಿ ‘ಮೈಸ್’ ಧಾತುವಿನ ತುಂಡು. ಅಡ್ಮಿಸಿಬಲ್, ಪರ್ಮಿಸಿಬಲ್‌ಗಳಂತೆ ಎರಡು ಎಸ್ ಬಂದಲ್ಲಿ ಬಾಲ ಐ-ಬಿ-ಎಲ್-ಇ, ಎ ಅಕ್ಷರದ್ದಲ್ಲ.

7. ವಾಕ್ಯದಲ್ಲಿ ಕೂರಿಸುವುದು

‘ಅಡ್ಮಿಟೆಡ್ ಇನ್ ಹಾಸ್ಪಿಟಲ್’ ಅಲ್ಲ, ‘ಅಡ್ಮಿಟೆಡ್ ಟು’. ಕನ್ನಡದ ‘ಆಸ್ಪತ್ರೆಯಲ್ಲಿ’ ಎಂಬ ಸಪ್ತಮಿ ಇಲ್ಲಿ ಎಳೆದುಕೊಂಡು ಬರುತ್ತದೆ. ‘ಆಸ್ಪತ್ರೆಗೆ’ ಎಂದು ಚತುರ್ಥಿಯಲ್ಲಿ ಯೋಚಿಸಿದರೆ ಟು ತಾನಾಗಿ ಬರುತ್ತದೆ. ಸಬ್ಮಿಟ್, ರೆಮಿಟ್, ಟ್ರಾನ್ಸ್‌ಮಿಟ್‌ಗೂ ಟು. ‘ಕಮಿಟೆಡ್ ಟು’ ಆದ ಮೇಲೆ ಕ್ರಿಯೆ ಬಂದರೆ ಐಎನ್‌ಜಿ ರೂಪ: ಟು ಇಂಪ್ರೂವ್ ಅಲ್ಲ, ಟು ಇಂಪ್ರೂವಿಂಗ್. ಪ್ರಾಮಿಸ್‌ಗೆ ವ್ಯಕ್ತಿ ನೇರವಾಗಿ ಬರಬೇಕು, ‘ಪ್ರಾಮಿಸ್ಡ್ ಮಿ’, ನಡುವೆ ಟು ಬೇಡ. ಡಿಸ್ಮಿಸ್‌ಗೆ ಕೆಲಸವಾದರೆ ಫ್ರಮ್, ಕ್ರಿಕೆಟ್ಟಿನ ರನ್ನಾದರೆ ಫಾರ್.

8. ಹಾಳೆ ಕಟ್ಟುವುದು

ಎ4 ಹಾಳೆಯನ್ನು ಅಡ್ಡಲಾಗಿ ಹಿಡಿದು ನಾಲ್ಕು ಕಲಂ ಮಾಡಿ: ಕ್ರಿಯೆ, ಎರಡು ಎಸ್‌ನ ರೂಪ, ಕಳುಹು–ಬಿಡು–ಇಡು ಇವುಗಳಲ್ಲಿ ಯಾವುದು, ಊರಲ್ಲಿ ಎಲ್ಲಿ ಕಂಡಿತು. ನಾಲ್ಕನೇ ಕಲಂ ಖಾಲಿ ಇದ್ದರೆ ಆ ಪದ ಇನ್ನೂ ಕಲಿತಿಲ್ಲ ಎಂದೇ ಲೆಕ್ಕ. ಬಿಲ್ಲು, ಬೋರ್ಡು, ಫಾರಂ, ಕರಾರು ಹುಡುಕಿ. ದಿನಕ್ಕೆ ಐದು ಪದ ಸಾಕು. ಅಡ್ಮಿಷನ್, ಎಮಿಷನ್, ಒಮಿಷನ್ ಮೂರನ್ನೂ ಒಂದೇ ದಿನ ತರಬೇಡಿ, ಕಿವಿಗೆ ಒಂದೇ ಥರ ಕೇಳಿ ಕಲಸಿಹೋಗುತ್ತವೆ. ಮೂರನೇ ದಿನ ಮತ್ತು ಏಳನೇ ದಿನ ಮೊದಲ ಕಲಮನ್ನು ಬಿಟ್ಟು ಮಿಕ್ಕದ್ದನ್ನು ಮುಚ್ಚಿ ಕೇಳಿ.

ಎರಡು ವಾರ ಮುಗಿದ ಮೇಲೆ ಹಿಂದೆ ನೋಡದ ಐದು ಪದ ಕೊಟ್ಟು, ನಿಘಂಟು ತೆರೆಯದೆ ಊಹಿಸಲು ಹೇಳಿ. ಅನ್‌ರೆಮಿಟಿಂಗ್: ಸಡಿಲ ಬಿಡದೆ, ಎಡೆಬಿಡದೆ. ಎಮಿಸರಿ: ಹೊರಗೆ ಕಳುಹಿಸಿದ ದೂತ. ನಾನ್‌ಕಮಿಟಲ್: ಯಾವ ಕಡೆಗೂ ಮಾತು ಕೊಡದಂಥ. ಮ್ಯಾನ್ಯುಮಿಷನ್: ‘ಮಾನುಸ್’ ಎಂದರೆ ಕೈ ಎಂದಷ್ಟು ಸುಳಿವು ಕೊಡಿ; ಗುಲಾಮನನ್ನು ಒಡೆಯ ತನ್ನ ಕೈಯಿಂದ ಬಿಟ್ಟು ಬಿಡುಗಡೆ ಮಾಡುವುದು. ಐದನೆಯದು ಸರ್ಮೈಸ್. ಇಲ್ಲಿ ಊಹೆ ಬಹುತೇಕ ತಪ್ಪುತ್ತದೆ, ತಪ್ಪಲಿ. ಹಳೆಯ ಫ್ರೆಂಚಿನಲ್ಲಿ ಅದು ಒಬ್ಬರ ಮೇಲೆ ಇಡುವುದು, ಅಂದರೆ ಆರೋಪ ಹೊರಿಸುವುದು. ಇಂಗ್ಲಿಷಿನಲ್ಲಿ ಸಾಕ್ಷ್ಯವಿಲ್ಲದ ಆರೋಪದಿಂದ ಬರಿಯ ಊಹೆಗೆ ಇಳಿದಿದೆ. ಧಾತುವಿನಿಂದ ಅರ್ಥ ಹೊಳೆಯದಿದ್ದಾಗ ನಿಘಂಟು ತೆರೆಯುವುದನ್ನು ಈ ಪದದಿಂದಲೇ ರೂಢಿ ಮಾಡಿಸಿ.